ನೀರಿನೊಳಗಿನ ಗಾಳಿಯನ್ನು ಅಳೆಯುವಾಗ ತಪ್ಪು ಎಲ್ಲಿ ನುಸುಳುತ್ತದೆ?

ಮಕ್ಕಳೇ, ನಿಮ್ಮಲ್ಲಿ ಹಲವರು ರಾಮನಾಥಪುರವನ್ನು ನೋಡಿರಬಹುದು. ಅರಕಲಗೂಡು ತಾಲ್ಲೂಕಿನ ಈ ಊರಿನಲ್ಲಿ ಕಾವೇರಿಯ ದಡದ ಮೇಲೆ ರಾಮೇಶ್ವರ ದೇವಾಲಯವಿದೆ. ಅದರ ಹತ್ತಿರ ನದಿಯಲ್ಲೇ ಒಂದು ಆಳವಾದ ಮಡು. ಅದಕ್ಕೆ ವಹ್ನಿ ಪುಷ್ಕರಣಿ ಎಂದು ಹೆಸರು. ಮೆಟ್ಟಿಲ ಮೇಲೆ ನಿಂತು ಒಂದು ಹಿಡಿ ಪುರಿ ಎಸೆದರೆ ಸಾಕು, ದೊಡ್ಡ ದೊಡ್ಡ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ. ದೇವರ ಮೀನುಗಳೆಂದು ಇವನ್ನು ಯಾರೂ ಹಿಡಿಯುವುದಿಲ್ಲ. ಇವುಗಳಲ್ಲಿ ಮಹಶೀರ್ ಜಾತಿಯ ಮೀನುಗಳೂ ಇವೆ. ಮಹಶೀರ್ ಶುದ್ಧವಾದ, ಆಮ್ಲಜನಕ ಹೆಚ್ಚಾಗಿರುವ ನೀರನ್ನು ಬಯಸುವ ಮೀನು.

ನೀರಿನಲ್ಲಿ ಆಮ್ಲಜನಕವೇ? ಹೌದು. ನೀರಿನ ಅಣುವಿನಲ್ಲಿ ಜಲಜನಕದೊಂದಿಗೆ ಸೇರಿಕೊಂಡಿರುವ ಆಮ್ಲಜನಕವನ್ನು ನಾನು ಹೇಳುತ್ತಿಲ್ಲ. ಅದನ್ನು ಮೀನು ಉಸಿರಾಡಲಾರದು. ಸಕ್ಕರೆ ಕರಗುವಂತೆ ಗಾಳಿಯೂ ನೀರಿನಲ್ಲಿ ಸ್ವಲ್ಪ ಕರಗುತ್ತದೆ. ಹಾಗೆ ಕರಗಿದ ಆಮ್ಲಜನಕವನ್ನು ಮೀನು ಕಿವಿರುಗಳ ಮೂಲಕ ಪಡೆಯುತ್ತದೆ. ರಾತ್ರಿ ತುಂಬಿಟ್ಟ ಲೋಟದ ನೀರಿನಲ್ಲಿ ಬೆಳಗ್ಗೆ ಒಳಗೋಡೆಗೆ ಸಣ್ಣ ಸಣ್ಣ ಗುಳ್ಳೆಗಳು ಅಂಟಿಕೊಂಡಿರುವುದನ್ನು ನೀವು ನೋಡಿಲ್ಲವೇ? ಅದು ನೀರಿನಿಂದ ಹೊರಬಂದ ಗಾಳಿಯೇ.

ಈ ಕರಗಿದ ಆಮ್ಲಜನಕ ಎಷ್ಟಿದೆ ಎಂದು ತಿಳಿಯದೆ ಒಂದು ನದಿ ಮೀನಿಗೆ ಯೋಗ್ಯವೇ ಅಲ್ಲವೇ ಎಂದು ಹೇಳಲಾಗದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ, ಮೀನುಗಳು ಬದುಕಿ ಬೆಳೆಯಬೇಕಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಜನರು ಸ್ನಾನ ಮಾಡುವ ನೀರಿಗೆ ಕನಿಷ್ಠ 5 ಮಿಲಿಗ್ರಾಂ. ಅಳತೆಯಲ್ಲಿ ಒಂದು ಮಿಲಿಗ್ರಾಂ ಹೆಚ್ಚುಕಡಿಮೆಯಾದರೆ ತೀರ್ಮಾನವೇ ತಲೆಕೆಳಗಾಗುತ್ತದೆ. ಇಷ್ಟು ಸಣ್ಣ ಪ್ರಮಾಣವನ್ನು ಅಳೆಯುವುದು ಹೇಗೆ, ಅದರಲ್ಲಿ ತಪ್ಪು ಎಲ್ಲೆಲ್ಲಿಂದ ನುಸುಳುತ್ತದೆ ಎಂಬುದೇ ಈ ಪಾಠ.

ಎಷ್ಟು ಗಾಳಿ ಕರಗುತ್ತದೆ?

ಸಮುದ್ರ ಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ತೆಗೆದುಕೊಳ್ಳುತ್ತದೆ. 25 ಡಿಗ್ರಿಯಲ್ಲಿ 8.3 ಮಿಲಿಗ್ರಾಂ. 30 ಡಿಗ್ರಿಯಲ್ಲಿ 7.6 ಮಿಲಿಗ್ರಾಂ ಮಾತ್ರ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ, ಗಾಳಿ ತಣ್ಣೀರಿನಲ್ಲಿ ಹೆಚ್ಚು ಕರಗುತ್ತದೆ. ಈ ವ್ಯತ್ಯಾಸವನ್ನು ನೆನಪಿಡಿ.

ಇನ್ನೊಂದು ವಿಷಯವಿದೆ. ನಮ್ಮ ಜಿಲ್ಲೆ ಮಂಗಳೂರಿನಂತೆ ಕಡಲತೀರದಲ್ಲಿಲ್ಲ. ರಾಮನಾಥಪುರ ಸಮುದ್ರ ಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದರೆ ಕರಗುವ ಅನಿಲವೂ ಕಡಿಮೆ. ಆದ್ದರಿಂದ ಇಲ್ಲಿ 25 ಡಿಗ್ರಿಯ ನೀರಿನಲ್ಲಿ 8.3 ಅಲ್ಲ, ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. ಪುಸ್ತಕದ ಕೋಷ್ಟಕವನ್ನು ಹಾಗೆಯೇ ನಂಬಿ 'ಇಲ್ಲಿ 8.3 ಇರಬೇಕಿತ್ತು, 7.5 ಮಾತ್ರ ಇದೆ, ನದಿ ಕೆಟ್ಟಿದೆ' ಎಂದು ಬರೆದರೆ? ನದಿಯ ತಪ್ಪೇನೂ ಇಲ್ಲ. ಎತ್ತರವನ್ನು ಮರೆತದ್ದು ಬರೆದವರ ತಪ್ಪು. ಅಳೆಯುವ ಮೊದಲೇ ನುಸುಳುವ ತಪ್ಪು ಇದು.

ಮೂರು ಸೀಸೆ, ಮೂರು ಉತ್ತರ

ಈಗ ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಮಕ್ಕಳೊಂದಿಗೆ ನದಿಯ ನೀರನ್ನು ಪರೀಕ್ಷಿಸಲು ಹೊರಟಿದ್ದೆ. ಒಂದೇ ಜಾಗದಲ್ಲಿ ಮೂರು ಸೀಸೆ ನೀರು ತುಂಬಿದೆವು. ಮೊದಲ ಸೀಸೆಯನ್ನು ದಡದಲ್ಲೇ ಪರೀಕ್ಷಿಸಿದೆವು. ಎರಡನೆಯದನ್ನು ಒಬ್ಬ ಹುಡುಗ ಲೋಟದಿಂದ ಗಳಗಳನೆ ಸುರಿದು ತುಂಬಿದ್ದ. ಮೂರನೆಯದು ನನ್ನ ಚೀಲದಲ್ಲೇ ಉಳಿದು, ಬಿಸಿಲಿನಲ್ಲಿ ನಿಂತಿದ್ದ ಜೀಪಿನಲ್ಲಿ ಮಧ್ಯಾಹ್ನದವರೆಗೆ ಇತ್ತು. ಉತ್ತರಗಳು ಮೂರೂ ಬೇರೆ ಬೇರೆ ಬಂದವು. 'ಸರ್, ಯಾವುದು ಸರಿ?' ಎಂದು ಏಳನೇ ತರಗತಿಯ ಹುಡುಗಿ ಕೇಳಿದಳು. ಸರಾಸರಿ ತೆಗೆದುಬಿಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎರಡು ತಪ್ಪು ಸಂಖ್ಯೆಗಳನ್ನು ಒಂದು ಸರಿಯಾದ ಸಂಖ್ಯೆಯೊಂದಿಗೆ ಕೂಡಿಸಿ ಭಾಗಿಸಿದರೆ ಸರಿಯಾದ ಉತ್ತರ ಬರುತ್ತದೆಯೇ? ಬರುವುದಿಲ್ಲ.

ಆ ದಿನ ನಾವು ಬಳಸಿದ್ದು ವಿಂಕ್ಲರ್ ವಿಧಾನ. ಹಂಗೆರಿ ದೇಶದ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನ ಇದು. ನೀರಿಗೆ ಮ್ಯಾಂಗನೀಸ್ ಲವಣದ ದ್ರಾವಣವನ್ನೂ ಅಯೊಡೈಡ್ ಬೆರೆತ ಕ್ಷಾರವನ್ನೂ ಹಾಕಿದರೆ, ಆಮ್ಲಜನಕ ಇದ್ದಾಗ ಕಂದು ಬಣ್ಣದ ಮಡ್ಡಿ ಉಂಟಾಗುತ್ತದೆ. ಆಮ್ಲಜನಕ ಇಲ್ಲದಿದ್ದರೆ ಮಡ್ಡಿ ಬಿಳಿಯಾಗಿರುತ್ತದೆ. ಅನಂತರ ಆಮ್ಲ ಹಾಕಿದಾಗ ಅಯೊಡಿನ್ ಬಿಡುಗಡೆಯಾಗುತ್ತದೆ. ಆ ಅಯೊಡಿನ್ ಎಷ್ಟಿದೆ ಎಂದು ಅಳೆದರೆ ಆಮ್ಲಜನಕ ಎಷ್ಟಿತ್ತೆಂದು ಗೊತ್ತಾಗುತ್ತದೆ. ಅಗ್ಗದ, ನಂಬಿಕೆಗೆ ಅರ್ಹವಾದ ವಿಧಾನ. ತಪ್ಪಿದ್ದು ವಿಧಾನವಲ್ಲ, ನಾವು ನೀರು ತುಂಬಿದ ರೀತಿ.

ಗುಳ್ಳೆಯ ಲೆಕ್ಕ

ಎರಡನೆಯ ಸೀಸೆಯಲ್ಲಿ ನೀರಿನ ಜೊತೆ ಗಾಳಿಯ ಗುಳ್ಳೆಗಳೂ ಒಳಗೆ ಹೋಗಿದ್ದವು. ಒಂದು ಗುಳ್ಳೆಯಿಂದ ಏನಾದೀತು ಎಂದು ನಿಮಗೆ ಅನಿಸಬಹುದು. ಲೆಕ್ಕ ಹಾಕೋಣ.

ನಮ್ಮ ಜಿಲ್ಲೆಯ ಎತ್ತರದಲ್ಲಿ, 25 ಡಿಗ್ರಿ ಉಷ್ಣತೆಯ ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕವಿದೆ. ಒಂದು ಲೀಟರ್ ನೀರಿನಲ್ಲಿ ಕರಗಿರುವುದು 7.5 ಮಿಲಿಗ್ರಾಂ. ಭಾಗಿಸಿ ನೋಡಿ. ಗಾಳಿಯಲ್ಲಿ 33 ಪಟ್ಟು ಹೆಚ್ಚು!

ಪರೀಕ್ಷೆಗೆ ಬಳಸುವ ಸೀಸೆ ಸಾಮಾನ್ಯವಾಗಿ 300 ಮಿಲಿಲೀಟರಿನದು. ಅದರೊಳಗೆ ಒಂದು ಮಿಲಿಲೀಟರ್ ಗಾಳಿ, ಅಂದರೆ ಸಣ್ಣ ಗೋಲಿಯಷ್ಟು ದೊಡ್ಡ ಗುಳ್ಳೆ, ಉಳಿಯಿತೆನ್ನಿ. ಆ ಗುಳ್ಳೆಯಲ್ಲಿ 0.25 ಮಿಲಿಗ್ರಾಂ ಆಮ್ಲಜನಕವಿದೆ. ನದಿಯ ನೀರಿನಲ್ಲಿ ನಿಜವಾಗಿ ಇದ್ದದ್ದು ಲೀಟರಿಗೆ 3.5 ಮಿಲಿಗ್ರಾಂ ಎಂದುಕೊಳ್ಳಿ. ಹಾಗಾದರೆ 300 ಮಿಲಿಲೀಟರಿನಲ್ಲಿ 1.05 ಮಿಲಿಗ್ರಾಂ. ಸೀಸೆಯನ್ನು ಅಲ್ಲಾಡಿಸಿದಾಗ ಗುಳ್ಳೆಯ ಆಮ್ಲಜನಕವೆಲ್ಲ ನೀರಿಗೆ ಸೇರಿದರೆ ಒಟ್ಟು 1.30 ಮಿಲಿಗ್ರಾಂ. ಲೀಟರಿಗೆ ಎಷ್ಟಾಯಿತು? 4.3 ಮಿಲಿಗ್ರಾಂ.

ಈಗ ಮೇಲೆ ಹೇಳಿದ 4ರ ಗಡಿಯನ್ನು ನೆನಪಿಸಿಕೊಳ್ಳಿ. ಮೀನುಗಳಿಗೆ ಉಸಿರು ಕಟ್ಟುವಂಥ ನೀರು ಕಾಗದದ ಮೇಲೆ 'ಮೀನಿಗೆ ಯೋಗ್ಯ' ಎಂದು ತೇರ್ಗಡೆಯಾಗಿಬಿಟ್ಟಿತು! ಒಂದು ಗುಳ್ಳೆ ಮಾಡಿದ ಕೆಲಸ ಇದು. ಗುಳ್ಳೆಯ ಆಮ್ಲಜನಕವೆಲ್ಲವೂ ಕರಗಲೇಬೇಕೆಂದಿಲ್ಲ, ನಿಜ. ಆದರೆ ಎಷ್ಟು ಕರಗಿತು ಎಂದು ನಮಗೆ ತಿಳಿಯದಿರುವುದೇ ತೊಂದರೆ.

ಮೂರನೆಯ ಸೀಸೆಯ ಕಥೆ ಬೇರೆ. ಅದರಲ್ಲಿ ಗುಳ್ಳೆ ಇರಲಿಲ್ಲ, ಆದರೆ ಜೀವಿಗಳಿದ್ದವು. ನದಿಯ ನೀರಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳೂ ಪಾಚಿಯ ಕಣಗಳೂ ಇರುತ್ತವೆ. ಮುಚ್ಚಳ ಹಾಕಿದೆವೆಂದು ಅವು ಉಸಿರಾಡುವುದನ್ನು ನಿಲ್ಲಿಸುತ್ತವೆಯೇ? ಕತ್ತಲ ಚೀಲದಲ್ಲಿ ಅವು ಆಮ್ಲಜನಕವನ್ನು ಬಳಸುತ್ತಲೇ ಇದ್ದವು. ಬಿಸಿಲಿನಲ್ಲಿಟ್ಟ ಗಾಜಿನ ಸೀಸೆಯಾಗಿದ್ದರೆ ಪಾಚಿ ದ್ಯುತಿಸಂಶ್ಲೇಷಣೆ ನಡೆಸಿ ಆಮ್ಲಜನಕವನ್ನು ಹೆಚ್ಚಿಸುತ್ತಿತ್ತು. ಜೊತೆಗೆ ನೀರು ಬಿಸಿಯಾಗಿತ್ತು. ಬಿಸಿಯಾದ ನೀರಿನಿಂದ ಗಾಳಿ ಹೊರಬರುತ್ತದೆ, ಮುಚ್ಚಳ ತೆಗೆದೊಡನೆ ಹೊರಟುಹೋಗುತ್ತದೆ. ಆದ್ದರಿಂದಲೇ ವಿಂಕ್ಲರ್ ವಿಧಾನದಲ್ಲಿ ಮೊದಲ ಎರಡು ದ್ರಾವಣಗಳನ್ನು ನದಿಯ ದಡದಲ್ಲೇ ಹಾಕಬೇಕು. ನಾನು ಜೀಪಿನಲ್ಲಿ ಚೀಲ ಮರೆತು ಊಟಕ್ಕೆ ಹೋಗಿದ್ದೆ.

ಯಾವ ಹೊತ್ತಿನಲ್ಲಿ ನೀರು ತೆಗೆದೆವು ಎಂಬುದೂ ಮುಖ್ಯ. ಬೇಸಿಗೆಯಲ್ಲಿ ಹರಿವು ನಿಧಾನವಾದಾಗ, ಪಾಚಿ ಮತ್ತು ಜಲಸಸ್ಯಗಳು ಹೆಚ್ಚಿರುವ ನೀರಿನಲ್ಲಿ ಮಧ್ಯಾಹ್ನ ಆಮ್ಲಜನಕ ಏರುತ್ತದೆ. ರಾತ್ರಿಯೆಲ್ಲ ಸಸ್ಯಗಳೂ ಮೀನುಗಳೂ ಬ್ಯಾಕ್ಟೀರಿಯಾಗಳೂ ಅದನ್ನು ಬಳಸುವುದರಿಂದ ಸೂರ್ಯೋದಯಕ್ಕೆ ಮುಂಚೆ ಅದು ಅತ್ಯಂತ ಕಡಿಮೆಯಿರುತ್ತದೆ. ಕೆರೆಗಳಲ್ಲಿ ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ತೆರೆಯುವುದು ಇದೇ ಕಾರಣಕ್ಕೆ. ಆದರೆ ಅಳೆಯುವವರು ಬರುವುದು ಸಾಮಾನ್ಯವಾಗಿ ಹನ್ನೊಂದು ಗಂಟೆಯ ಬಸ್ಸಿಗೆ! ಅವರ ಸಂಖ್ಯೆ ಸುಳ್ಳಲ್ಲ. ಆದರೆ ಮೀನು ಕಷ್ಟಪಟ್ಟ ಗಳಿಗೆ ಅದರಲ್ಲಿ ಕಾಣುವುದಿಲ್ಲ.

ಅಣುಗಳನ್ನು ತೂರುವ ಯಂತ್ರ

ಕೈಯಿಂದ ಮಾಡುವ ಪರೀಕ್ಷೆಯಲ್ಲಿ ಇಷ್ಟು ತೊಂದರೆಗಳಿವೆ. ದೊಡ್ಡ ಯಂತ್ರವಿದ್ದರೆ ಎಲ್ಲವೂ ಸರಿಹೋಗುತ್ತದೆಯೇ? ನೋಡೋಣ.

ಕರಗಿದ ಅನಿಲಗಳನ್ನು ಬಹಳ ಸೂಕ್ಷ್ಮವಾಗಿ ಅಳೆಯುವ ಯಂತ್ರದ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ಕನ್ನಡದಲ್ಲಿ ರಾಶಿ ರೋಹಿತಮಾಪಕ. ಇಲ್ಲಿ ರಾಶಿ ಎಂದರೆ ಕಣದ ರಾಗಿ ರಾಶಿಯಲ್ಲ, ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ. ಆದರೂ ಈ ಯಂತ್ರವನ್ನು ಅರ್ಥಮಾಡಿಕೊಳ್ಳಲು ರಾಗಿ ಕಣಕ್ಕೇ ಹೋಗಬೇಕು. ರಾಗಿಯನ್ನು ಮೊರದಲ್ಲಿ ಎತ್ತಿ ಗಾಳಿಗೆ ತೂರುವುದನ್ನು ನೋಡಿದ್ದೀರಿ. ಭಾರವಾದ ಕಾಳು ಹತ್ತಿರವೇ ಬೀಳುತ್ತದೆ, ಹಗುರವಾದ ಹೊಟ್ಟು ದೂರ ಹಾರುತ್ತದೆ. ಒಂದೇ ಗಾಳಿ, ಆದರೆ ತೂಕದಂತೆ ಬೀಳುವ ಜಾಗ ಬೇರೆ. ಯಂತ್ರವೂ ಅಣುಗಳನ್ನು ಹೀಗೆಯೇ ಬೇರ್ಪಡಿಸುತ್ತದೆ. ಗಾಳಿಯ ಬದಲು ಅಲ್ಲಿ ವಿದ್ಯುತ್ ಅಥವಾ ಕಾಂತ ಕ್ಷೇತ್ರವಿರುತ್ತದೆ. ಅದಕ್ಕಾಗಿ ಅಣುವಿಗೆ ವಿದ್ಯುದಂಶ ಬೇಕು. ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಅಣುವಿಗೆ ಬಡಿದು ಅದರ ಒಂದು ಎಲೆಕ್ಟ್ರಾನನ್ನು ಕಿತ್ತುಹಾಕುತ್ತವೆ. ಆಗ ಅಣು ಅಯಾನು ಆಗುತ್ತದೆ. ಇಂಗ್ಲೆಂಡಿನ ಫ್ರಾನ್ಸಿಸ್ ಆಸ್ಟನ್ 1919ರಲ್ಲಿ ಇಂಥ ಉಪಕರಣವನ್ನು ನಿರ್ಮಿಸಿದ. ಅದರಿಂದ ನಡೆಸಿದ ಸಂಶೋಧನೆಗಾಗಿ 1922ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ. 2008ರ ನವೆಂಬರ್ 14ರಂದು ಚಂದ್ರಯಾನ-1ರಿಂದ ಬೇರ್ಪಟ್ಟು ಚಂದ್ರನಿಗೆ ಅಪ್ಪಳಿಸಿದ ನಮ್ಮ ಪೆಟ್ಟಿಗೆಯಲ್ಲೂ ಒಂದು ಪುಟ್ಟ ರಾಶಿ ರೋಹಿತಮಾಪಕವಿತ್ತು.

ಈ ಯಂತ್ರದ ಒಳಗೆಲ್ಲ ನಿರ್ವಾತ ಇರಬೇಕು. ಹಾಗಾದರೆ ನೀರಿನಲ್ಲಿರುವ ಅನಿಲವನ್ನು ಮಾತ್ರ ಒಳಗೆ ಬಿಟ್ಟು ನೀರನ್ನು ಹೊರಗಿಡುವುದು ಹೇಗೆ? 1963ರಲ್ಲಿ ಜಾರ್ಜ್ ಹಾಕ್ ಮತ್ತು ಬೆಸೆಲ್ ಕಾಕ್ ಎಂಬ ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಜಾತ್ರೆಯಲ್ಲಿ ತಂದ ಬಲೂನು ಮರುದಿನ ಸೊರಗಿರುವುದನ್ನು ನೋಡಿದ್ದೀರಲ್ಲ? ತೂತಿಲ್ಲದಿದ್ದರೂ ಗಾಳಿ ರಬ್ಬರಿನ ಮೂಲಕ ನುಸುಳಿ ಹೋಗಿರುತ್ತದೆ. ಅದೇ ರೀತಿ ತೆಳುವಾದ ಪೊರೆಯ ಒಂದು ಬದಿಯಲ್ಲಿ ನೀರು, ಇನ್ನೊಂದು ಬದಿಯಲ್ಲಿ ನಿರ್ವಾತ ಇಟ್ಟರೆ ಅನಿಲಗಳು ಪೊರೆ ದಾಟಿ ಯಂತ್ರಕ್ಕೆ ಹೋಗುತ್ತವೆ. ಈಗ ಇದಕ್ಕೆ ರಬ್ಬರಿನಂಥ ಸಿಲಿಕೋನ್ ಕೊಳವೆಯನ್ನು ಹೆಚ್ಚಾಗಿ ಬಳಸುತ್ತಾರೆ.

ಯಂತ್ರ ಮೋಸಹೋಗುವುದು ಹೇಗೆ?

ಯಂತ್ರಕ್ಕೆ ಅಣುವಿನ ಹೆಸರು ಗೊತ್ತಿಲ್ಲ, ತೂಕ ಮಾತ್ರ ಗೊತ್ತು. ಸಾರಜನಕದ ಪರಮಾಣುವಿನ ತೂಕ 14. ಎರಡು ಸೇರಿದ ಸಾರಜನಕದ ಅಣುವಿಗೆ 28. ಇಂಗಾಲ 12, ಆಮ್ಲಜನಕ 16. ಇವೆರಡೂ ಸೇರಿದ ಇಂಗಾಲದ ಮಾನಾಕ್ಸೈಡ್ ಎಷ್ಟು? ಅದೂ 28! ಸಾಮಾನ್ಯ ಯಂತ್ರಕ್ಕೆ ಇವೆರಡೂ ಒಂದೇ. ಇಂಗಾಲದ ಡೈಆಕ್ಸೈಡ್ 44. ನೈಟ್ರಸ್ ಆಕ್ಸೈಡ್ ಎಂಬ ಅನಿಲವೂ 44. ನೀವೇ ಕೂಡಿ ನೋಡಿ. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನ ಇಬ್ಬರಿದ್ದಾಗ ಒಬ್ಬರು 'ಹಾಜರ್' ಎಂದರೆ ಯಾರು ಬಂದರೆಂದು ತಿಳಿಯದಲ್ಲವೇ, ಹಾಗೆ.

ಇನ್ನೂ ಸಿಕ್ಕಲು ಏನೆಂದರೆ, ಎಲೆಕ್ಟ್ರಾನ್ ಬಡಿದಾಗ ಕೆಲವು ಅಣುಗಳು ಒಡೆದುಹೋಗುತ್ತವೆ. ಇಂಗಾಲದ ಡೈಆಕ್ಸೈಡ್ ಒಡೆದು 28 ತೂಕದ ಚೂರು ಬರುತ್ತದೆ, ಅದು ಸಾರಜನಕದ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಆಮ್ಲಜನಕದ ಅಣು ಒಡೆದರೆ 16 ತೂಕದ ಚೂರು. ಜೌಗು ನೆಲದಿಂದ ಬರುವ ಮೀಥೇನ್ ಅನಿಲದ ತೂಕವೂ 16. ಆಮ್ಲಜನಕ ಹೆಚ್ಚಾಗಿದ್ದಾಗ ಅದು ಯಂತ್ರದ ಒಳಗೇ ಸಾರಜನಕದೊಂದಿಗೆ ಸೇರಿ 30 ತೂಕದ ಹೊಸ ಅಯಾನನ್ನು ಉಂಟುಮಾಡುವುದೂ ಉಂಟು. ಆಗ ಸಾರಜನಕ ಇರುವುದಕ್ಕಿಂತ ಕಡಿಮೆ ಎಂದು ಕಾಣುತ್ತದೆ.

ಪೊರೆಗೂ ತನ್ನದೇ ಆದ ಸ್ವಭಾವವಿದೆ. ಅದು ಬೆಚ್ಚಗಾದರೆ ಅನಿಲ ಬೇಗ ದಾಟುತ್ತದೆ, ತಣ್ಣಗಾದರೆ ನಿಧಾನ. ನೀರು ವೇಗವಾಗಿ ಹರಿದರೆ ಒಂದು ಅಂಕೆ, ನಿಧಾನವಾಗಿ ಹರಿದರೆ ಇನ್ನೊಂದು. ನೀರು ನಿಂತೇಹೋದರೆ ಪೊರೆಯ ಪಕ್ಕದ ನೀರಿನಲ್ಲಿದ್ದ ಅನಿಲ ಖಾಲಿಯಾಗಿ ಅಂಕೆ ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ನೀರಿನ ಉಷ್ಣತೆಯನ್ನೂ ಹರಿವನ್ನೂ ಒಂದೇ ಸಮನಾಗಿ ಇಡಬೇಕು. ಒಂದು ಮಾದರಿಯಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ಹಳೆಯ ಅನಿಲ ಪೊರೆಯಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಅಂಕೆ ಸ್ಥಿರವಾಗುವವರೆಗೆ ಕಾಯಬೇಕು. ಅವಸರದವರಿಗೆ ಈ ಯಂತ್ರ ಆಗಿಬರುವುದಿಲ್ಲ.

ನೀರಿನ ಆವಿಯೂ ಪೊರೆ ದಾಟುತ್ತದೆ. ಅದನ್ನು ತಡೆಯಲು ದಾರಿಯಲ್ಲಿ ಕೊಳವೆಯನ್ನು ದ್ರವ ಸಾರಜನಕದಿಂದ ತಣ್ಣಗೆ ಮಾಡುತ್ತಾರೆ. ಅದರ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ! ಆವಿ ಅಲ್ಲೇ ಮಂಜುಗಡ್ಡೆಯಾಗಿ ಸಿಕ್ಕಿಬೀಳುತ್ತದೆ. ಇನ್ನು ಎಲ್ಲೋ ಒಂದು ಕೀಲು ಸಡಿಲವಾಗಿ ಹೊರಗಿನ ಗಾಳಿ ಒಳಗೆ ಸೋರಿದರೆ, ಯಂತ್ರ ನದಿಯ ನೀರನ್ನು ಬಿಟ್ಟು ಕೊಠಡಿಯ ಗಾಳಿಯನ್ನೇ ಅಳೆಯತೊಡಗುತ್ತದೆ.

ಹಾಗಾದರೆ ಅದನ್ನು ನಂಬುವುದು ಹೇಗೆ? ಅಂಗಡಿಯ ತಕ್ಕಡಿಯನ್ನು ನೆನೆಯಿರಿ. ತಟ್ಟೆಯ ಅಡಿಗೆ ಹುಣಿಸೆಹಣ್ಣು ಅಂಟಿಕೊಂಡಿದ್ದರೆ ನೂರು ಸಲ ತೂಗಿದರೂ ನೂರು ಸಲವೂ ಒಂದೇ ತಪ್ಪು ಬರುತ್ತದೆ. ಒಂದೇ ಉತ್ತರ ಮತ್ತೆ ಮತ್ತೆ ಬಂದಿತೆಂದು ಅದು ಸರಿಯಾದ ಉತ್ತರವಲ್ಲ. ತಕ್ಕಡಿಯನ್ನು ಪರೀಕ್ಷಿಸಲು ಮುದ್ರೆಯೊತ್ತಿದ ತೂಕದ ಬಟ್ಟು ಬೇಕು. ಅನಿಲ ಅಳೆಯುವವರ ತೂಕದ ಬಟ್ಟು ಎಂದರೆ ಗಾಳಿಯೊಂದಿಗೆ ಚೆನ್ನಾಗಿ ಕದಡಿದ ಶುದ್ಧ ನೀರು. ಅದರ ಉಷ್ಣತೆ ಮತ್ತು ಆ ದಿನದ ಗಾಳಿಯ ಒತ್ತಡ ತಿಳಿದಿದ್ದರೆ ಅದರಲ್ಲಿ ಎಷ್ಟು ಆಮ್ಲಜನಕ, ಎಷ್ಟು ಸಾರಜನಕ ಇರಬೇಕೆಂದು ಲೆಕ್ಕ ಹಾಕಬಹುದು. ಯಂತ್ರದ ಅಂಕೆ ಗಂಟೆಗಂಟೆಗೂ ನಿಧಾನವಾಗಿ ಜಾರುವುದರಿಂದ, ಕೆಲವು ಮಾದರಿಗಳನ್ನು ಅಳೆದ ಮೇಲೆ ಮತ್ತೆ ಈ ನೀರನ್ನು ಅಳೆದು ನೋಡಬೇಕು. ಈ ನೀರಿನ ಉಷ್ಣತೆಯನ್ನೇ ಒಂದು ಡಿಗ್ರಿ ತಪ್ಪಾಗಿ ಬರೆದರೆ? ಎಲ್ಲ ಉತ್ತರಗಳೂ ನೂರಕ್ಕೆ ಸುಮಾರು 2ರಷ್ಟು ತಪ್ಪಾಗುತ್ತವೆ. ಬೆಲೆಬಾಳುವ ಯಂತ್ರದ ಮರ್ಯಾದೆ ಒಂದು ಸಾಧಾರಣ ಥರ್ಮಾಮೀಟರಿನ ಕೈಯಲ್ಲಿದೆ!

ಸೋಮಾರಿ ಅನಿಲದ ಸಹಾಯ

ಗುಳ್ಳೆ, ಬಿಸಿಲು, ಜಾರುವ ಅಂಕೆ, ಇವುಗಳಿಂದಾಗುವ ತಪ್ಪುಗಳಲ್ಲಿ ಹಲವನ್ನು ಹಿಡಿಯಲು ಒಂದು ಸೊಗಸಾದ ಉಪಾಯವಿದೆ. ಅದರ ಹೆಸರು ಆರ್ಗಾನ್.

ಗಾಳಿಯ ನೂರು ಪಾಲಿನಲ್ಲಿ ಸುಮಾರು 78 ಸಾರಜನಕ, 21 ಆಮ್ಲಜನಕ. ಉಳಿದ ಒಂದು ಪಾಲಿನಲ್ಲಿ ಹೆಚ್ಚಿನದು ಆರ್ಗಾನ್. ಇದರ ಪತ್ತೆಯೂ ಒಂದು ಅಳತೆಯ ಕಥೆಯೇ. ಇಂಗ್ಲೆಂಡಿನ ರ‍್ಯಾಲೆ ಎಂಬ ವಿಜ್ಞಾನಿ ಸಾರಜನಕವನ್ನು ತೂಗುತ್ತಿದ್ದ. ಗಾಳಿಯಿಂದ ಬೇರ್ಪಡಿಸಿದ ಒಂದು ಲೀಟರ್ ಸಾರಜನಕ 1.2572 ಗ್ರಾಂ ತೂಗಿತು. ರಾಸಾಯನಿಕಗಳಿಂದ ತಯಾರಿಸಿದ ಸಾರಜನಕ 1.2505 ಗ್ರಾಂ. ಸಾವಿರಕ್ಕೆ ಐದರಷ್ಟು ವ್ಯತ್ಯಾಸ. ಬೇರೆಯವರಾಗಿದ್ದರೆ 'ಏನೋ ಕೈತಪ್ಪು' ಎಂದು ಸುಮ್ಮನಾಗುತ್ತಿದ್ದರೇನೋ. ರ‍್ಯಾಲೆ ಮತ್ತೆ ಮತ್ತೆ ತೂಗಿದ. ತೂಕ ಬದಲಾಗಲಿಲ್ಲ. ವಿಲಿಯಂ ರ‍್ಯಾಮ್ಸೆಯೂ ಜೊತೆಗೂಡಿದ. ಗಾಳಿಯ ಸಾರಜನಕದಲ್ಲಿ ಭಾರವಾದ ಇನ್ನೊಂದು ಅನಿಲ ಬೆರೆತಿದೆ ಎಂದು 1894ರಲ್ಲಿ ಇಬ್ಬರೂ ಪ್ರಕಟಿಸಿದರು. ಅದು ಯಾವುದರೊಂದಿಗೂ ಸೇರುವುದಿಲ್ಲವೆಂದು 'ಸೋಮಾರಿ' ಎಂಬ ಅರ್ಥದ ಗ್ರೀಕ್ ಪದದಿಂದ ಆರ್ಗಾನ್ ಎಂದು ಹೆಸರಿಟ್ಟರು. 1904ರಲ್ಲಿ ರ‍್ಯಾಲೆಗೆ ಭೌತವಿಜ್ಞಾನದ, ರ‍್ಯಾಮ್ಸೆಗೆ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು.

ಈ ಸೋಮಾರಿತನವೇ ನಮಗೆ ಉಪಕಾರಿ. ನದಿಯ ನೀರಿನಲ್ಲೂ ಲೀಟರಿಗೆ ಅರ್ಧ ಮಿಲಿಗ್ರಾಮಿಗೆ ತುಸು ಕಡಿಮೆ ಆರ್ಗಾನ್ ಕರಗಿರುತ್ತದೆ. ಮೀನು ಅದನ್ನು ಉಸಿರಾಡುವುದಿಲ್ಲ. ಪಾಚಿ ಅದನ್ನು ತಯಾರಿಸುವುದಿಲ್ಲ. ಬ್ಯಾಕ್ಟೀರಿಯಾಗಳಿಗೂ ಅದು ಬೇಡ. ಹಾಗಿದ್ದರೂ ಆರ್ಗಾನ್ ಬದಲಾಗಿದ್ದರೆ ಅದು ಜೀವಿಗಳ ಕೆಲಸವಲ್ಲ. ನೀರು ಬಿಸಿಯಾಗಿರಬೇಕು, ಗುಳ್ಳೆ ಸೇರಿರಬೇಕು ಅಥವಾ ಯಂತ್ರ ಜಾರಿರಬೇಕು. ಆರ್ಗಾನ್ ನೀರಿನಲ್ಲಿ ಕರಗುವ ರೀತಿಯೂ ಹೆಚ್ಚುಕಡಿಮೆ ಆಮ್ಲಜನಕದಂತೆಯೇ. ಆದ್ದರಿಂದ ಆಮ್ಲಜನಕವನ್ನು ಮಾತ್ರ ಅಳೆಯದೆ, ಆರ್ಗಾನಿನ ಎಷ್ಟು ಪಟ್ಟು ಆಮ್ಲಜನಕ ಇದೆ ಎಂದು ಅಳೆದರೆ ಈ ತಪ್ಪುಗಳು ಬಹುಮಟ್ಟಿಗೆ ಕಳೆದುಹೋಗುತ್ತವೆ.

ಅಮೆರಿಕದ ಟಾಡ್ ಕಾನಾ ಮತ್ತು ಸಂಗಡಿಗರು 1994ರಲ್ಲಿ ಇದೇ ಉಪಾಯದಿಂದ ಪೊರೆಯ ಯಂತ್ರದಲ್ಲಿ ಸಾರಜನಕವನ್ನು ಬಹಳ ನಿಖರವಾಗಿ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಸಾರಜನಕವನ್ನು ಏಕೆ ಅಳೆಯಬೇಕು? ನಮ್ಮ ಹೊಲಗಳನ್ನೇ ನೋಡಿ. ಆಲೂಗೆಡ್ಡೆ, ಹೊಗೆಸೊಪ್ಪು, ಭತ್ತದ ಗದ್ದೆಗಳಿಗೆ ಹಾಕಿದ ಗೊಬ್ಬರದಲ್ಲಿ ಒಂದು ಪಾಲು ನೈಟ್ರೇಟ್ ಆಗಿ ಮಳೆನೀರಿನೊಂದಿಗೆ ಹೊಳೆ ಸೇರುತ್ತದೆ. ಹೊಳೆಯ ತಳದ ಕೆಸರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಸಾರಜನಕ ಅನಿಲವಾಗಿ ಬದಲಾಯಿಸಿ ಗಾಳಿಗೆ ಮರಳಿಸುತ್ತವೆ. ಹೊಳೆ ತನ್ನನ್ನು ತಾನೇ ಎಷ್ಟು ಶುಚಿಮಾಡಿಕೊಳ್ಳುತ್ತಿದೆ ಎಂದು ತಿಳಿಯಲು, ಮೊದಲೇ ಕರಗಿರುವ ಬೇಕಾದಷ್ಟು ಸಾರಜನಕದ ಮೇಲೆ ಹೊಸದಾಗಿ ಸೇರಿದ ಸ್ವಲ್ಪವೇ ಸ್ವಲ್ಪವನ್ನು ಕಂಡುಹಿಡಿಯಬೇಕು. ಇಲ್ಲಿ ಗುಳ್ಳೆ ಇನ್ನೂ ದೊಡ್ಡ ಶತ್ರು. ಗುಳ್ಳೆಯಲ್ಲಿರುವ ಸಾರಜನಕ ಅಷ್ಟೇ ಗಾತ್ರದ ನೀರಿನಲ್ಲಿರುವುದಕ್ಕಿಂತ ಸುಮಾರು 60 ಪಟ್ಟು ಹೆಚ್ಚು. ಸಾರಜನಕವು ಆರ್ಗಾನಿನಷ್ಟು ಸುಲಭವಾಗಿ ನೀರಿನಲ್ಲಿ ಕರಗದು. ಹಾಗಾಗಿ ಗುಳ್ಳೆಯ ತಪ್ಪನ್ನು ಇಲ್ಲಿ ಆರ್ಗಾನ್ ಕೂಡ ಪೂರ್ತಿ ಸರಿಪಡಿಸಲಾರದು. ಸೀಸೆಯನ್ನು ಸರಿಯಾಗಿ ತುಂಬುವುದೊಂದೇ ದಾರಿ.

ಮಾಡಿ ನೋಡಿ

ಇದಕ್ಕೆ ಹೊಳೆಗೆ ಹೋಗಬೇಡಿ. ಮಡುಗಳು ಆಳವಾಗಿರುತ್ತವೆ. ಶಾಲೆಯಲ್ಲಿ ಒಂದು ಬಕೆಟ್ ನೀರು ಮತ್ತು ಒಂದೇ ಅಳತೆಯ ಎರಡು ಪಾರದರ್ಶಕ ಸೀಸೆಗಳು ಸಾಕು. ಮೊದಲ ಸೀಸೆಗೆ ಲೋಟದಿಂದ ಮೇಲಿನಿಂದ ನೀರು ಸುರಿದು ಮುಚ್ಚಿ. ಎರಡನೆಯದನ್ನು ಓರೆಯಾಗಿ ಹಿಡಿದು ನಿಧಾನವಾಗಿ ಬಕೆಟ್ಟಿನಲ್ಲಿ ಮುಳುಗಿಸಿ. ಗಾಳಿಯೆಲ್ಲ ಹೊರಹೋದ ಮೇಲೆ ಬೆರಳಿನಿಂದ ತಟ್ಟಿ, ನೀರಿನೊಳಗೇ ಮುಚ್ಚಳ ಹಾಕಿ. ಈಗ ಎರಡನ್ನೂ ತಲೆಕೆಳಗು ಮಾಡಿ ನೋಡಿ. ಯಾವುದರಲ್ಲಿ ಗುಳ್ಳೆ ಮೇಲೇರುತ್ತದೆ? ಅನಂತರ ಎರಡನೆಯ ಸೀಸೆಯನ್ನು ಬಿಸಿಲಿನಲ್ಲಿ ಎರಡು ಗಂಟೆ ಇಡಿ. ಇಲ್ಲದಿದ್ದ ಗುಳ್ಳೆಗಳು ಎಲ್ಲಿಂದ ಬಂದವು? ದಿನಾಂಕ, ಸಮಯ, ನೀರಿನ ಉಷ್ಣತೆ ಮೂರನ್ನೂ ಪುಸ್ತಕದಲ್ಲಿ ಬರೆದಿಡಿ. ಗುಳ್ಳೆ ಉಳಿದಿದ್ದರೆ ಅದನ್ನೂ ಬರೆಯಿರಿ, ಅಳಿಸಬೇಡಿ.

ಕೊನೆಗೆ ಒಂದು ಪ್ರಶ್ನೆ. ಶ್ರವಣಬೆಳಗೊಳದ ಕಲ್ಯಾಣಿಯಂಥ ಒಂದು ಕೊಳವನ್ನು ಊಹಿಸಿಕೊಳ್ಳಿ. ನೀರು ಪಾಚಿಯಿಂದ ಹಸಿರಾಗಿದೆ. ಮಧ್ಯಾಹ್ನ ಎರಡು ಗಂಟೆ, ನೀರಿನ ಉಷ್ಣತೆ 28 ಡಿಗ್ರಿ. ಆ ಎತ್ತರದಲ್ಲಿ ಅಂಥ ನೀರು ಗಾಳಿಯಿಂದ ಸುಮಾರು 7 ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ ತೆಗೆದುಕೊಳ್ಳಬಲ್ಲದು. ಆದರೆ ಒಬ್ಬ ವಿದ್ಯಾರ್ಥಿಯ ಪುಸ್ತಕದಲ್ಲಿ 10.5 ಎಂದು ಬರೆದಿದೆ. ಇದು ಸೀಸೆಗೆ ನುಗ್ಗಿದ ಗುಳ್ಳೆಯ ಕೆಲಸವೇ ಅಥವಾ ಬಿಸಿಲಿನಲ್ಲಿ ದುಡಿಯುತ್ತಿರುವ ಪಾಚಿಯ ಕೆಲಸವೇ? ನಿಮ್ಮ ಕೈಗೆ ಒಂದು ದಿನದ ಮಟ್ಟಿಗೆ ರಾಶಿ ರೋಹಿತಮಾಪಕ ಸಿಕ್ಕಿದರೆ, ಆಮ್ಲಜನಕದ ಜೊತೆಗೆ ಇನ್ನು ಯಾವ ಅನಿಲವನ್ನು ಅಳೆದು ಇದನ್ನು ತೀರ್ಮಾನಿಸುವಿರಿ? ಅದು ಹೆಚ್ಚಾಗಿದ್ದರೆ ಏನರ್ಥ, ಹೆಚ್ಚಾಗದಿದ್ದರೆ ಏನರ್ಥ? ಚರ್ಚಿಸಿ, ಕಾರಣ ಸಹಿತ ಬರೆಯಿರಿ.